ಮಾವಿನ ತೋಪಿನ ದೊಡ್ಡಮ್ಮ

ಆಕೆ ನಮ್ಮ ಮನೆಗೆ ಬಂದ ದಿನ ಯಾರನ್ನೂ ಮಾತಾಡಿಸದೆ ನೇರವಾಗಿ ನಾನು ಮಲಗಿದ್ದ ಕೋಣೆಯ ಬಾಗಿಲಿಗೆ ಬಂದು ನಿಂತು ಮೂಸಿ ನೋಡಿದಳು. ಕಿಟಕಿಗೆ ಗೋಣಿತಟ್ಟು ಹೊಡೆದಿದ್ದರು. ಮೂಲೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಹೊಗೆಯಾಡುತ್ತಿತ್ತು. ಎರಡು ಕಂಬಳಿಯ ಅಡಿಯಲ್ಲಿ ನಾನು ಬೆವರುತ್ತಿದ್ದೆ. ಆಕೆ ಹಿಂದೆ ನಿಂತಿದ್ದ ನಮ್ಮಪ್ಪನ ಕಡೆ ತಿರುಗಿ, "ಏನ್ ಯಜಮಾನ್ರೆ, ಮಾವಿನಕಾಯಿ ಹಣ್ಣಾಗ್ಲಿ ಅಂತ ಅಡೆ ಹಾಕಿದಂಗೆ ಹಾಕಿದೀರಲ್ಲ ಹುಡುಗೀನ!" ಅಂದಳು.

ಅಪ್ಪ ನಕ್ಕರೋ ಬೈದರೋ ನೆನಪಿಲ್ಲ. ಆಕೆ ಮಾತ್ರ ಉತ್ತರಕ್ಕೆ ಕಾಯದೆ ಗೋಣಿತಟ್ಟು ಕಿತ್ತುಹಾಕಿದಳು. ಎರಡು ತಿಂಗಳಿಂದ ಬೆಳಕು ಕಾಣದ ನನ್ನ ಕಣ್ಣಿಗೆ ಚುಚ್ಚಿದಂತಾಗಿ ನೀರು ಸುರಿಯಿತು. ನಾನು ಅಳುತ್ತಿದ್ದೇನೆಂದು ಅಮ್ಮ ಒಳಗೆ ಬರಹೊರಟರೆ ಆಕೆ ಕೈ ಅಡ್ಡ ಇಟ್ಟು, "ಮೊದ್ಲು ಕೈಕಾಲು ತೊಳ್ಕೊಂಡು ಬಾಮ್ಮ. ಮಗೂನ ಯಾರ ಹತ್ರಾನಾದ್ರೂ ಕೊಟ್ಟು ಬಾ" ಅಂದಳು. ಅಮ್ಮನ ಸೊಂಟದ ಮೇಲೆ ನನ್ನ ಆರು ತಿಂಗಳ ಮಗಳಿದ್ದಳು.

ಇದು ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮೂರು ನಾಲ್ಕು ವರ್ಷ ಮೊದಲಿನ ಮಾತು. ನನಗೆ ಕ್ಷಯವೆಂದು ಕೋಲಾರದ ಡಾಕ್ಟರು ಹೇಳಿದ ವಾರದಲ್ಲೇ ಗಂಡನ ಮನೆಯವರು ನನ್ನನ್ನೂ ಮಗುವನ್ನೂ ಗಾಡಿಯಲ್ಲಿ ಕೂರಿಸಿ ಶ್ರೀನಿವಾಸಪುರದ ಹತ್ತಿರದ ನಮ್ಮ ಊರಿಗೆ ಕಳಿಸಿಬಿಟ್ಟಿದ್ದರು. ಆಗ ಆ ಖಾಯಿಲೆಗೆ ಮದ್ದಿರಲಿಲ್ಲ. ಹೆಸರು ಕೇಳಿದರೇ ನೆಂಟರು ಅಂಗಳ ತುಳಿಯುವುದನ್ನು ಬಿಡುತ್ತಿದ್ದರು. ಒಳಗೆ ಬಂದು ಬಟ್ಟೆ ಬದಲಿಸಲು ಕೆಲಸದವರು ಒಪ್ಪಲಿಲ್ಲ. ಅಮ್ಮನಿಗೆ ಮಗುವನ್ನು ನೋಡುವುದೋ ನನ್ನನ್ನು ನೋಡುವುದೋ ಎಂಬ ಸಂಕಟ. ಕೊನೆಗೆ ಡಾಕ್ಟರೇ, ನಂಗಲಿಯಲ್ಲಿ ಒಬ್ಬಳಿದ್ದಾಳೆ, ಆಸ್ಪತ್ರೆಯಲ್ಲಿ ಬಹಳ ವರ್ಷ ಆಯಾ ಆಗಿದ್ದವಳು, ಈಗ ಮನೆಗಳಿಗೆ ಹೋಗಿ ಇಂಥವರನ್ನು ನೋಡಿಕೊಳ್ಳುತ್ತಾಳೆ ಎಂದು ಹೇಳಿ ಕರೆಸಿದರು.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಕೆ ತಾನು ಕೆಲಸ ಮಾಡಿದ ಮನೆಗಳ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. "ಹೋಳೂರಲ್ಲಿ ಒಂದು ಮನೇಲಿ", "ಮುಳಬಾಗಿಲಲ್ಲಿ ಒಬ್ರು ಮೇಷ್ಟ್ರು" ಅಷ್ಟೇ. ಯಾರೆಂದು ಕೇಳಿದರೆ, "ಅವರು ಮಲಗಿದ್ದಾಗ ನಾನು ನೋಡಿದ್ದು ನನ್ನ ಹತ್ರಾನೇ ಇರ್ಲಿ" ಅನ್ನುತ್ತಿದ್ದಳು. ಊರವರು ನಂಗಲಿಯಮ್ಮ ಅನ್ನುತ್ತಿದ್ದರು. ನಾನು ದೊಡ್ಡಮ್ಮ ಅಂದೆ.

ಬಂದ ಮೂರನೇ ದಿನಕ್ಕೆ ದೊಡ್ಡಮ್ಮ ಅಪ್ಪನಿಗೆ ಹೇಳಿ ಮನೆಯ ಹಿಂದಿನ ಮಾವಿನ ತೋಪಿನಲ್ಲಿ ಒಂದು ಗುಡಿಸಲು ಹಾಕಿಸಿದಳು. ಮೂರು ಕಡೆ ತಡಿಕೆ, ಪೂರ್ವದ ಕಡೆ ಬಯಲು. ನನ್ನ ಮಂಚ ಅಲ್ಲಿಗೆ ಹೋಯಿತು. ಚಳಿಗಾಲದಲ್ಲಿ ಕ್ಷಯದವಳನ್ನು ಬಯಲಿಗೆ ಹಾಕಿದರೆಂದು ಊರೆಲ್ಲ ಆಡಿಕೊಂಡಿತು. ದೊಡ್ಡಮ್ಮ ತನ್ನ ಚಾಪೆಯನ್ನೂ ಅಲ್ಲೇ ಹಾಸಿಕೊಂಡಳು.

ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಥರ್ಮಾಮೀಟರಿನ ಪಾದರಸ ಯಾವ ಗೆರೆಗೆ ನಿಂತಿದೆ ಎಂದು ನೋಡಿ, ಇದ್ದಿಲ ಚೂರಿನಿಂದ ಗುಡಿಸಲ ಕಂಬದ ಮೇಲೆ ಅಷ್ಟೇ ಎತ್ತರಕ್ಕೊಂದು ಗೀಟು ಹಾಕುತ್ತಿದ್ದಳು. ಡಾಕ್ಟರು ಬಂದಾಗ ಆ ಕಂಬವನ್ನೇ ಓದಿಕೊಂಡು ಹೋಗುತ್ತಿದ್ದರು. ನಾನು ಉಗುಳಲು ತೆಂಗಿನ ಚಿಪ್ಪು, ಅದರಲ್ಲಿ ಬೂದಿ. ಚಿಪ್ಪು ತುಂಬುವ ಮೊದಲೇ ಒಲೆಗೆ. ನನ್ನ ತಟ್ಟೆ ಲೋಟ ಬೇರೆ, ಅವಕ್ಕೆ ದಿನಾ ಕುದಿಯುವ ನೀರು. ನನ್ನನ್ನು ಮುಟ್ಟಿದ ಮೇಲೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಒರೆಸಿಕೊಳ್ಳದೆ, ಎರಡು ಕೈಯನ್ನೂ ಮೇಲೆತ್ತಿ ಗಾಳಿಗೆ ಆರಿಸಿಕೊಳ್ಳುತ್ತ ತೋಪಿನಲ್ಲಿ ನಡೆಯುತ್ತಿದ್ದಳು. ದೂರದಿಂದ ನೋಡಿದವರಿಗೆ ಮರಗಳ ಮುಂದೆ ನಿಂತು ಏನನ್ನೋ ಬೇಡುತ್ತಿದ್ದಾಳೆ ಅನ್ನಿಸಬೇಕು.

ಸಮಾಧಾನದ ಮಾತು ಆಕೆಗೆ ಬರುತ್ತಲೇ ಇರಲಿಲ್ಲ. ಸುಮ್ಮನೆ ಬಿದ್ದಿರಲಾರೆ, ಎದ್ದು ಕೂರುತ್ತೇನೆ ಎಂದು ನಾನು ಹಟ ಮಾಡಿದರೆ, "ಮಲಗೋದೂ ಒಂದು ಕೆಲ್ಸಾನೇ ಕಣಮ್ಮ. ಸರಿಯಾಗಿ ಮಾಡು" ಅನ್ನುತ್ತಿದ್ದಳು. ಹಸಿ ಮೊಟ್ಟೆ ಹಾಲಿನಲ್ಲಿ ಕದಡಿ ಕುಡಿಸುವಾಗ ನಾನು ಮುಖ ಕಿವುಚಿದರೆ ತಾನೂ ಅದೇ ಥರ ಮುಖ ಕಿವುಚಿ ತೋರಿಸಿ, ಲೋಟ ಮಾತ್ರ ಬಾಯಿಂದ ತೆಗೆಯುತ್ತಿರಲಿಲ್ಲ. ಕೋಪ ಬಂದರೆ ತೆಲುಗು. "ಊರ್ಕೋ ತಲ್ಲಿ" ಅಂದಳೆಂದರೆ ಇನ್ನು ನಾನು ಸುಮ್ಮನಾಗಲೇಬೇಕು. ಹೊಗೆಸೊಪ್ಪು ಹಾಕುತ್ತಿದ್ದಳು. ಅಮ್ಮನೊಡನೆ ಅಡಿಗೆಮನೆಯ ವಿಷಯಕ್ಕೆ ವಾರಕ್ಕೆರಡು ಸಲ ಜಗಳ. ಸಾರು ಖಾರವಾಯಿತೆಂದು ಒಮ್ಮೆ ತಟ್ಟೆಯನ್ನೇ ವಾಪಸು ಹೊತ್ತುಕೊಂಡು ಹೋಗಿ ಅಮ್ಮನ ಮುಂದಿಟ್ಟು, "ನೀನೇ ತಿಂದು ಕೆಮ್ಮಿ ನೋಡು" ಅಂದಿದ್ದಳು. ಅಮ್ಮ ಒಂದು ದಿನವೆಲ್ಲ ಮಾತು ಬಿಟ್ಟಿದ್ದರು.

ಮೊದಲನೇ ವರ್ಷ ಕಳೆಯುವುದರೊಳಗೆ ನನ್ನ ಗಂಡ ಬೇರೆ ಮದುವೆ ಮಾಡಿಕೊಂಡ. ಮನೆಯಲ್ಲಿ ಎಲ್ಲರೂ ಸೇರಿ ಅದನ್ನು ನನ್ನಿಂದ ಮುಚ್ಚಿಟ್ಟರು. ಅಮ್ಮನ ಕಣ್ಣು ಕೆಂಪಗಿದ್ದರೆ ಹೊಗೆ ಅಂದರು. ಅಪ್ಪ ತೋಪಿಗೆ ಬರುವುದನ್ನೇ ಕಡಿಮೆ ಮಾಡಿದರು. ಎರಡು ದಿನ ನೋಡಿ ದೊಡ್ಡಮ್ಮ, ನನ್ನ ತಲೆ ಬಾಚುತ್ತ, ಹಿಂದಿನಿಂದಲೇ ಹೇಳಿದಳು.

"ನಿನ್ನ ಗಂಡ ಇನ್ನೊಬ್ಬಳ್ನ ಮಾಡ್ಕೊಂಡ ಕಣಮ್ಮ. ಹೋದ ಸೋಮವಾರ."

ಬಾಚಣಿಗೆ ನಿಲ್ಲಲಿಲ್ಲ. ನಾನು ಅತ್ತೆ. ಆಕೆ ಅಳಬೇಡ ಅನ್ನಲಿಲ್ಲ. ಜಡೆ ಹೆಣೆದು ಮುಗಿಸಿ, ಮುಂದೆ ಬಂದು ಕೂತು, "ಅವರೆಲ್ಲ ನೀನು ತಡ್ಕೊಳ್ಳಲ್ಲ ಅಂತಾರೆ. ನಂಗೆ ಹಂಗನ್ನಿಸ್ಲಿಲ್ಲ" ಅಂದಳು. ಅವತ್ತು ಜ್ವರ ಒಂದು ಗೀಟು ಏರಿತು. ಮಾರನೆಯ ದಿನ ಇಳಿಯಿತು. ಅಂದಿನಿಂದ ಆಕೆ ಹೇಳಿದ್ದನ್ನು ನಾನು ನಂಬತೊಡಗಿದೆ. ಈಕೆ ನನಗೆ ಸುಳ್ಳು ಹೇಳುವವಳಲ್ಲ ಎಂಬುದೊಂದು ಗೊತ್ತಾಯಿತು.

ಆದರೆ ಒಂದು ವಿಷಯದಲ್ಲಿ ಮಾತ್ರ ಆಕೆಯನ್ನು ನಾನು ದ್ವೇಷಿಸಿದೆ. ಗುಡಿಸಲಿನಿಂದ ಮೂವತ್ತು ಹೆಜ್ಜೆ ದೂರಕ್ಕೆ ಆಕೆ ಒಂದು ಮುಳ್ಳುಬೇಲಿ ಹಾಕಿಸಿದ್ದಳು. ಬೆಳಿಗ್ಗೆ ಬಿಸಿಲೇರಿದ ಮೇಲೆ ಅಮ್ಮ ಮಗುವನ್ನು ಎತ್ತಿಕೊಂಡು ಅಲ್ಲಿಯವರೆಗೆ ಬರಬಹುದು, ನಾನು ದಿಂಬಿಗೊರಗಿ ನೋಡಬಹುದು. ಅಷ್ಟೇ. ನನ್ನ ಮಗಳಿಗೆ ಹಲ್ಲು ಬಂದದ್ದನ್ನು ಅಮ್ಮ ಕೂಗಿ ಹೇಳಿದರು. ಅಂಬೆಗಾಲಿಟ್ಟದ್ದನ್ನು ದೂರದಿಂದ ಕಂಡೆ. ಒಂದು ದಿನ ಅವಳು ಎದ್ದು ನಿಂತು, ಬೇಲಿಯ ಕಂಬ ಹಿಡಿದುಕೊಂಡು, ಕಂಬ ಬಿಟ್ಟು, ಎರಡು ಹೆಜ್ಜೆ ಇಟ್ಟು ಕುಸಿದು ಕೂತಳು. ನಾನು ಎದ್ದುಬಿಟ್ಟೆ. ಕಾಲಲ್ಲಿ ಶಕ್ತಿಯಿರಲಿಲ್ಲ, ಆದರೂ ಹತ್ತು ಹದಿನೈದು ಹೆಜ್ಜೆ ಓಡಿದೆ. ದೊಡ್ಡಮ್ಮ ಎಲ್ಲಿದ್ದಳೋ, ಬಂದು ಎದುರಿಗೆ ನಿಂತಳು. ನಾನು ಆಕೆಯ ಎದೆಗೆ ಗುದ್ದಿದೆ.

"ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ! ಹೆತ್ತ ಹೊಟ್ಟೆಯಾ ನಿಂದು?"

ಆಕೆ ನನ್ನನ್ನು ಅನಾಮತ್ತಾಗಿ ಎತ್ತಿಕೊಂಡು ಹೋಗಿ ಮಂಚದ ಮೇಲೆ ಮಲಗಿಸಿ, ಉಸಿರು ಹದಕ್ಕೆ ಬರುವವರೆಗೆ ಬೆನ್ನು ನೀವಿದಳು. ಕೈ ತೊಳೆದಳು. ಗಂಜಿ ತಂದು ಕುಡಿಸಿದಳು. ನಾಲ್ಕೈದು ದಿನ ಎಂದಿನಂತೆ ಎಲ್ಲ ನಡೆಯಿತು. ಆಮೇಲೊಂದು ಮಧ್ಯಾಹ್ನ, ಮರದಡಿ ಕೂತು ಅವರೆಕಾಯಿ ಸುಲಿಯುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಗಂಡು ಮಗು. ಹನ್ನೊಂದು ತಿಂಗಳದು. ಅವರಪ್ಪಂಗೆ ಇದೇ ಖಾಯಿಲೆ. ನಾನು ಗಂಡನ ತಲೇನ ಒಂದು ತೊಡೆ ಮೇಲಿಟ್ಕೊಂಡು, ಇನ್ನೊಂದು ತೊಡೆ ಮೇಲೆ ಮಗೂನ ಮಲಗಿಸ್ಕೊಂಡು ಕೂರ್ತಿದ್ದೆ. ಅವನು ಕೆಮ್ಮೋನು, ಮಗು ನೋಡಿ ನಗೋದು. ಮೊದ್ಲು ಅವನು ಹೋದ. ಆಮೇಲೆ ಅದು."

ಇನ್ನೊಂದು ಕಾಯಿ ಎತ್ತಿಕೊಂಡು ಬಿಡಿಸಿದಳು.

"ಒಬ್ಬರಾದ್ರೂ ಹೇಳ್ಲಿಲ್ಲಮ್ಮ ನಂಗೆ. ಮಗೂನ ಆ ಕಡೆ ಇಡು ಅಂತ ಒಂದು ಮಾತು. ಹೇಳಿದ್ರೆ ಇಡ್ತಿರ್ಲಿಲ್ವಾ?" ಮೊರದಲ್ಲಿದ್ದ ಸಿಪ್ಪೆ ಕೊಡವಿದಳು. "ಇದು ಹೆಂಗೆ ಬರುತ್ತೆ ಅಂತ ಕೇಳೋಕೇ ನಾನು ಆಸ್ಪತ್ರೆಗೆ ಹೋಗಿದ್ದು. ಕೇಳಿ ವಾಪಸ್ ಬರೋಣ ಅಂತ ಹೋದೆ. ಅಲ್ಲೇ ಉಳ್ಕೊಂಡೆ."

ನಾನು ಕ್ಷಮೆ ಕೇಳಲು ಬಾಯಿ ತೆರೆದರೆ, "ಊರ್ಕೋ ತಲ್ಲಿ. ಮಾತಾಡಿದ್ರೆ ಕೆಮ್ಮು ಬರುತ್ತೆ" ಅಂದು ಮೊರ ಎತ್ತಿಕೊಂಡು ಎದ್ದಳು. ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಎರಡನೇ ಬೇಸಿಗೆಯಲ್ಲಿ ನನಗೆ ಜೋರಾಗಿ ರಕ್ತ ಬಂತು. ಒಂದು ಬೆಳಿಗ್ಗೆ ಕೆಮ್ಮಿದಾಗ ಬಾಯಿ ತುಂಬ ಬಂದದ್ದು ನಿಲ್ಲಲೇ ಇಲ್ಲ. ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ತಿರುಗಿಸಿ, ಎದೆಯ ಮೇಲೆ ತಣ್ಣೀರ ಬಟ್ಟೆ ಇಟ್ಟು, ಕಿವಿಯ ಹತ್ತಿರ "ಅಲುಗಾಡ್ಬೇಡ. ಕಣ್ಣು ಮುಚ್ಚು. ಸಣ್ಣಗೆ ಉಸಿರಾಡು" ಅನ್ನುತ್ತಲೇ ಇದ್ದಳು. ಕೋಲಾರದಿಂದ ಡಾಕ್ಟರು ಬಂದು ಸೂಜಿ ಚುಚ್ಚಿ, ಅಪ್ಪನನ್ನು ದೂರ ಕರೆದುಕೊಂಡು ಹೋಗಿ ಮಾತಾಡಿದರು. ಅಪ್ಪ ಮರಕ್ಕೊರಗಿ ನಿಂತದ್ದನ್ನು ನಾನು ಅರೆಗಣ್ಣಿನಲ್ಲಿ ಕಂಡೆ.

ಮಾರನೆಯ ದಿನಕ್ಕೆ ಖಾಯಿಲೆ ಬಂದಾಗಿನಿಂದ ಕಾಣದ ನೆಂಟರೆಲ್ಲ ಬೇಲಿಯ ಆಚೆ ಸೇರಿದ್ದರು. ಅಪ್ಪನ ಅಕ್ಕ ಗಟ್ಟಿಯಾಗಿ ಅಳುತ್ತ, "ಹೋಗೋ ಜೀವ, ಒಂದು ಸಲ ಮಗೂನ ಮಡಿಲಿಗೆ ಹಾಕ್ರೋ. ಆಸೆ ಇಟ್ಕೊಂಡು ಹೋಗ್ಬಾರ್ದು" ಅಂದಳು. ಅಮ್ಮ ಮಗುವನ್ನು ಎತ್ತಿಕೊಂಡು ಬೇಲಿ ದಾಟಿದರು. ಹಿಂದೆ ಅಪ್ಪ. ದೊಡ್ಡಮ್ಮ ಗುಡಿಸಲಿನ ಮುಂದೆ ಬಂದು ನಿಂತಳು.

"ಅಲ್ಲೇ ನಿಂತ್ಕಳಮ್ಮ."

"ಕೊನೇ ಸಲ ಕಣೇ," ಅಮ್ಮ ಅಂಗಲಾಚಿದರು. "ಒಂದೇ ಸಲ. ನಿನ್ನ ಕಾಲಿಗೆ ಬೀಳ್ತೀನಿ."

"ಕೊನೇ ಸಲ ಅಂತ ಯಾರು ಹೇಳಿದ್ದು?"

"ಡಾಕ್ಟ್ರು ಹೇಳಿದಾರೆ," ಅಪ್ಪ ಅಂದರು. "ದಾರಿ ಬಿಡು. ಇದು ನನ್ನ ಮನೆ, ನನ್ನ ಮಗಳು."

"ಮನೆ ನಿಮ್ದೇ ಯಜಮಾನ್ರೆ. ಇವತ್ತು ಈ ರಕ್ತದ ಮೇಲೆ ಮಗೂನ ಮಲಗಿಸಿದ್ರೆ, ಇವಳು ಬದುಕಿದ್ರೂ ಮಗು ಉಳಿಯುತ್ತೆ ಅಂತ ನಾನು ಹೇಳಲ್ಲ." ಆಮೇಲೆ ನಾನು ಎಂದೂ ಎಣಿಸದಿದ್ದುದನ್ನು ಮಾಡಿದಳು. ದಾರಿಯಿಂದ ಪಕ್ಕಕ್ಕೆ ಸರಿದಳು. ನನಗೆ ಅಮ್ಮನೂ ಮಗುವೂ ಪೂರ್ತಿ ಕಂಡರು. "ನಾನೂ ಬೇಡ, ನೀವೂ ಬೇಡ. ತಾಯಿ ಅವಳು. ಅವಳನ್ನೇ ಕೇಳಿ."

ನನ್ನ ಮಗಳು ಹತ್ತು ಹೆಜ್ಜೆ ದೂರದಲ್ಲಿದ್ದಳು. ಅಷ್ಟು ಹತ್ತಿರದಿಂದ ಅವಳನ್ನು ನೋಡಿ ಒಂದೂವರೆ ವರ್ಷವಾಗಿತ್ತು. ಹುಬ್ಬಿನ ಮೇಲೊಂದು ಸಣ್ಣ ಗಾಯದ ಗುರುತಿತ್ತು. ಅದು ಯಾವಾಗ ಆದದ್ದೋ ನನಗೆ ಗೊತ್ತಿರಲಿಲ್ಲ. ಅಮ್ಮನ ಸೆರಗನ್ನು ಬಾಯಲ್ಲಿಟ್ಟುಕೊಂಡು ಅವಳು ನನ್ನನ್ನು ಯಾರೋ ಎಂಬಂತೆ ನೋಡಿದಳು. ಸಾಯುತ್ತೇನೆಂದು ನನಗೂ ಅನ್ನಿಸಿತ್ತು. ಮಾತಾಡುವ ಹಾಗಿರಲಿಲ್ಲ. ಹಾಸಿಗೆಯ ಮೇಲಿದ್ದ ಕೈಯನ್ನು ಎತ್ತಿ, ಬೇಡ ಎಂದು ಆಡಿಸಿದೆ. ಆಮೇಲೆ ಕಣ್ಣು ಮುಚ್ಚಿಕೊಂಡೆ. ಅವರು ಹೋಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ದೊಡ್ಡಮ್ಮ ಬಂದು ನನ್ನ ಕೈಯನ್ನು ಮತ್ತೆ ಹಾಸಿಗೆಯ ಮೇಲಿಟ್ಟಳು. ಕೈ ತೊಳೆಯಲು ಕೂಡಲೇ ಏಳದೆ ಮಂಚದ ಪಕ್ಕದಲ್ಲೇ ಕೂತಳು. ಅದನ್ನು ನಾನು ಕಂಡದ್ದು ಅದೊಂದೇ ಸಲ.

ರಕ್ತ ನಾಲ್ಕನೇ ದಿನಕ್ಕೆ ನಿಂತಿತು. ಏಕೆ ನಿಂತಿತೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಮಳೆಗಾಲದ ಹೊತ್ತಿಗೆ ಜ್ವರ ಬಿಟ್ಟುಬಿಟ್ಟು ಬಂತು, ಚಳಿಗಾಲಕ್ಕೆ ಬರುವುದನ್ನೇ ಬಿಟ್ಟಿತು. ದೊಡ್ಡಮ್ಮ ನನ್ನನ್ನು ಮೊದಲ ದಿನ ಐದು ಹೆಜ್ಜೆ ನಡೆಸಿದಳು, ವಾರದ ಮೇಲೆ ಹತ್ತು. ಮರದಿಂದ ಮರಕ್ಕೆ, ತೋಪಿನ ಆ ತುದಿಯವರೆಗೆ. ಮುಂದಿನ ಮಾವು ಕಾಯಿಕಟ್ಟುವ ಹೊತ್ತಿಗೆ ಡಾಕ್ಟರು ಮೂರು ಸಲ ಕಫ ಪರೀಕ್ಷೆ ಮಾಡಿಸಿ, ಇನ್ನು ಮಗುವನ್ನು ಎತ್ತಿಕೊಳ್ಳಬಹುದು ಅಂದರು.

ಮಗು ಬರಲಿಲ್ಲ. ಅವಳಿಗೆ ಎರಡೂವರೆ ವರ್ಷ ದಾಟಿತ್ತು. ನಾನು ಕೈ ಚಾಚಿದರೆ ಕಿರುಚಿಕೊಂಡು ಅಜ್ಜಿಯ ಹಿಂದೆ ಅಡಗುತ್ತಿದ್ದಳು. ಬೆಲ್ಲ ಕೊಟ್ಟೆ, ಗೊಂಬೆ ಮಾಡಿಕೊಟ್ಟೆ, ಎರಡು ದಿನ ಹಿಂದೆ ಹಿಂದೆ ಸುತ್ತಿದೆ. ಮೂರನೇ ದಿನ ದೊಡ್ಡಮ್ಮ ಗದರಿದಳು.

"ಅಟ್ಟಿಸ್ಕೊಂಡು ಹೋದ್ರೆ ಕರೂನೂ ಓಡುತ್ತೆ. ಕರೀಬೇಡ. ಒಂದು ಕಡೆ ಕೂತು ಏನಾದ್ರೂ ಕೆಲ್ಸ ಮಾಡು."

ಜಗುಲಿಯ ಮೇಲೆ ಹುಣಸೆಹಣ್ಣಿನ ರಾಶಿ ಸುರಿದು ಬೀಜ ಬಿಡಿಸಲು ಕೂರಿಸಿದಳು. ನಾನು ತಲೆ ಎತ್ತದೆ ಬೀಜ ಬಿಡಿಸಿದೆ. ಮೊದಲ ದಿನ ಮಗಳು ಬಾಗಿಲಲ್ಲಿ ನಿಂತಳು. ಇನ್ನೊಂದು ದಿನ ಜಗುಲಿಯ ಆ ತುದಿಯಲ್ಲಿ ಕೂತಳು. ಬೀಜ ಉರುಳಿ ಅವಳ ಹತ್ತಿರ ಹೋದರೆ ಹೆಕ್ಕಿ ನನ್ನ ಕಡೆಗೆ ಎಸೆದಳು. ನಾನು ಮತ್ತೆ ಉರುಳಿಸಿದೆ. ಎಷ್ಟನೇ ದಿನವೋ, ಹಿಂದಿನಿಂದ ಬಂದು ನನ್ನ ಬೆನ್ನಿಗೆ ತನ್ನ ಬೆನ್ನು ಆನಿಸಿ ಕೂತು, ತಾನೂ ಒಂದು ಹುಣಸೆಹಣ್ಣು ಹಿಡಿದು ಬೀಜ ಕೀಳತೊಡಗಿದಳು. ಆ ಸಣ್ಣ ಬೆನ್ನಿನ ಬಿಸಿ ನನ್ನ ಬೆನ್ನಿಗೆ ತಾಗಿತು. ನಾನು ತಿರುಗಲಿಲ್ಲ. ಅಂಗಳದ ಆಚೆ ದೊಡ್ಡಮ್ಮ ಕೈಗಳನ್ನು ಗಾಳಿಗೆ ಹಿಡಿದು ನಿಂತಿದ್ದಳು. ತಿರುಗಬೇಡ ಎಂದು ತಲೆಯಲ್ಲೇ ಸನ್ನೆ ಮಾಡಿದಳು.

ಆ ವಾರವೇ ಹೊರಟಳು. ಮುಳಬಾಗಿಲಿನಲ್ಲಿ ಯಾರದೋ ಮನೆಯಲ್ಲಿ ಒಬ್ಬರು ಮಲಗಿದ್ದರಂತೆ. ಇನ್ನೆರಡು ದಿನ ಇರು ಎಂದು ಅಪ್ಪ ಕೇಳಿಕೊಂಡರು. ಅಷ್ಟು ಜಗಳವಾಡಿದ್ದ ಅಮ್ಮ ಸೆರಗು ಹಿಡಿದು ಅತ್ತರು. "ನಿಮ್ಮನೇಲಿ ಯಾರಿಗೂ ಏನೂ ಆಗಿಲ್ವಲ್ಲ, ಯಾಕಿರ್ಲಿ?" ಅಂದಳು ದೊಡ್ಡಮ್ಮ.

ಆಮೇಲೆ ಹತ್ತು ವರ್ಷ ಆಕೆ ವರ್ಷಕ್ಕೊಮ್ಮೆ, ಮಾವು ಇಳಿಯುವಾಗ, ಬಂದು ಹೋಗುತ್ತಿದ್ದಳು. ಬಂದ ಕೂಡಲೇ ಮಗಳ ಎದೆಗೆ ಕಿವಿಯಿಟ್ಟು ಕೇಳಿ, ನನ್ನ ಬೆನ್ನು ತಟ್ಟಿ ನೋಡಿ, ಆಮೇಲೆ ಕೂತು ನೀರು ಕುಡಿಯುತ್ತಿದ್ದಳು. ಒಂದು ವರ್ಷ ಬರಲಿಲ್ಲ. ಬದಲಿಗೆ ನಂಗಲಿಯ ಲಾರಿಯವನೊಬ್ಬನ ಕೈಯಲ್ಲಿ ಆಕೆಯ ತಮ್ಮನ ಮಗ ಹೇಳಿಕಳಿಸಿದ: ಕಾಲು ಊದಿಕೊಂಡಿದೆ, ಮಲಗಿದರೆ ಉಸಿರು ಕಟ್ಟುತ್ತದೆ. ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಅದೇ ಲಾರಿಯಲ್ಲಿ ಹೋದೆ.

ರಸ್ತೆ ಬದಿಯ ಸಣ್ಣ ಮನೆ. ದೊಡ್ಡಮ್ಮ ರಾಗಿ ಮೂಟೆಗೊರಗಿ ಕೂತಿದ್ದಳು. ನಾನು ನೀರು ಕಾಯಿಸಿ ಮೈ ಒರೆಸಲು ಹೋದರೆ ಸೀರೆಯನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡಳು. "ಬೇಡಮ್ಮ. ನಾನೇ ಮಾಡ್ಕೊಳ್ತೀನಿ." ಎದ್ದು ನಿಲ್ಲಲೂ ಆಗದವಳು. ಮೂವತ್ತು ವರ್ಷ ಊರ ಜನದ ಮೈ ತೊಳೆದವಳು ನಾಚಿಕೆಯಿಂದ ಮುಖ ತಿರುಗಿಸಿಕೊಂಡಳು. ಎರಡು ದಿನ ಹಾಗೇ ಕಳೆಯಿತು. ಮೂರನೇ ದಿನ ಕೈ ಸಡಿಲಿಸಿದಳು. ನಾನು ಬೆನ್ನು ಒರೆಸುವಾಗ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಹಿಂಗಾ ಇರೋದು? ಇನ್ನೊಬ್ಬರ ಕೈಲಿ ಮಾಡಿಸ್ಕೊಳ್ಳೋದು?"

"ಹೂಂ ದೊಡ್ಡಮ್ಮ."

"ನಿಂಗೂ ಹಿಂಗೇ ಆಗ್ತಿತ್ತಾ?"

"ಆಗ್ತಿತ್ತು."

"ಹೇಳ್ಬಾರ್ದಿತ್ತಾ? ಇನ್ನಷ್ಟು ಮೆಲ್ಲಗೆ ಮಾಡ್ತಿದ್ದೆ."

ಆಕೆಯ ಕೈ ಒರಟಾಗಿತ್ತು ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಒಂದೂವರೆ ತಿಂಗಳು ಅಲ್ಲಿದ್ದೆ. ದಿಂಬು ಎಲ್ಲಿಡಬೇಕು, ಊದಿದ ಕಾಲನ್ನು ಹೇಗೆ ಎತ್ತಬೇಕು, ಎಲ್ಲ ಹೇಳಿಕೊಡುತ್ತಿದ್ದಳು. ನಾನು ಆ ಕಡೆ ಹೋದರೆ ಕದ್ದು ಹೊಗೆಸೊಪ್ಪು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ, ನಾನು ಗಂಜಿ ಆರಿಸುತ್ತಿದ್ದಾಗ, ಆಕೆಯ ತಲೆ ನನ್ನ ಭುಜಕ್ಕೆ ಒರಗಿತು. ಆರಿಸಿದ್ದು ಸಾಕು ಅನ್ನುತ್ತಾಳೇನೋ ಎಂದು ಸ್ವಲ್ಪ ಹೊತ್ತು ಕಾದೆ.

ಮಣ್ಣು ಮಾಡಿ ಮೂರು ದಿನವಾಗಿತ್ತು. ನಾನು ಊರಿಗೆ ಹೊರಡಲು ಗಂಟು ಕಟ್ಟುತ್ತಿದ್ದೆ. ಶಿವಾರಪಟ್ಟಣದ ಒಬ್ಬ ಕಲ್ಲುಕೆಲಸದವನು ಬಂದು ಬಾಗಿಲಲ್ಲಿ ನಿಂತ. ಬೆರಳ ಸಂದಿಯಲ್ಲಿ ಕಲ್ಲಿನ ಪುಡಿ ಇನ್ನೂ ಇತ್ತು. ಮಾಲೂರಿನಿಂದ ಬಸ್ಸು, ಲಾರಿ ಹತ್ತಿ ಇಳಿದು, ನಂಗಲಿಯಮ್ಮನನ್ನು ಹುಡುಕಿಕೊಂಡು ಬಂದಿದ್ದ.

"ನಮ್ಮ ಹೆಂಗಸಿಗೆ ಕ್ಷಯ ಅಂತ ಹೇಳಿದಾರಮ್ಮ. ನೀರು ಕೊಡೋಕೂ ಯಾರೂ ಒಳಗೆ ಬರ್ತಿಲ್ಲ. ನಾನು ಉಳಿ ಹಿಡಿದ್ರೆ ಅವಳನ್ನ ನೋಡೋರಿಲ್ಲ. ಅವಳ ಹತ್ರ ಕೂತ್ರೆ ಉಳಿ ಹಿಡಿಯೋಕಾಗಲ್ಲ."

ಆಕೆ ಹೋದಳೆಂದು ಹೇಳಿದೆ. ಅವನು ಅಲ್ಲೇ ಹೊಸ್ತಿಲ ಪಕ್ಕದಲ್ಲಿ ಕುಕ್ಕರಿಸಿದ. ಅಳಲಿಲ್ಲ. ಅಷ್ಟು ದೂರ ಬಂದವನಿಗೆ ವಾಪಸು ಹೋಗಲು ಕಾಲು ಬರಲಿಲ್ಲ ಅಷ್ಟೇ. ನಾನು ನೀರು ಕೊಟ್ಟೆ. ಅವನು ಕುಡಿದು ಮುಗಿಸುವುದರೊಳಗೆ ನನ್ನ ಗಂಟು ಕಟ್ಟಿಯಾಗಿತ್ತು. ಊರಿಗೆ ಬರುವುದು ತಡವಾಗುತ್ತದೆ ಎಂದು ಮನೆಗೆ ಹೇಳಿಕಳಿಸಲು ದೊಡ್ಡಮ್ಮನ ತಮ್ಮನ ಮಗನಿಗೆ ತಿಳಿಸಿ, ಕಲ್ಲುಕೆಲಸದವನೊಡನೆ ರಸ್ತೆಗೆ ಬಂದೆ. ಕೋಲಾರದ ಕಡೆ ಹೋಗುವ ಲಾರಿಯೊಂದು ದೂರದಲ್ಲಿ ಕಂಡಿತು. ಅವನು ಕೈ ಎತ್ತಿ ನಿಲ್ಲಿಸಲು ಮುಂದೆ ಹೋಗಿ, ಏನೋ ನೆನಪಾದಂತೆ ನನ್ನ ಕಡೆ ತಿರುಗಿದ.

"ಎಷ್ಟು ವರ್ಷದಿಂದ ಮಾಡ್ತಿದೀರಮ್ಮ ಈ ಕೆಲ್ಸ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇವತ್ತಿಂದ" ಅಂದೆ.

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಲಾರಿ ಬಂದು ನಿಂತಿತು. ನನ್ನ ಗಂಟನ್ನು ಕೈಯಿಂದ ತೆಗೆದುಕೊಂಡು ಮೊದಲು ಅದನ್ನು ಒಳಗಿಟ್ಟು, ನಾನು ಹತ್ತಲೆಂದು ಪಕ್ಕಕ್ಕೆ ಸರಿದು ನಿಂತ.